ಹುಲಿ ಚಿತ್ರದ ಟೋಪಿ: ಕಾಡಿಗೆ ಸೇರುವ ಕಾಸೆಷ್ಟು?

ತಿರುಪ್ಪೂರು: ಖಾದರ್‌ಪೇಟೆಯ ಬನಿಯನ್ ಅಂಗಡಿ ಸಾಲಿನಲ್ಲಿ ಅಕ್ಕನ ಮೊಮ್ಮಗನಿಗೆಂದು ಒಂದು ಟೋಪಿ ಕೊಂಡೆ. ಮುಂದೆ ಹುಲಿಯ ಮುಖ, ಅದರ ಕೆಳಗೆ ಹುಲಿ ಉಳಿಸಿ ಎಂದು ಇಂಗ್ಲಿಷಿನಲ್ಲಿ ಬರಹ. ಇದರಲ್ಲಿ ಹುಲಿಗೆ ಎಷ್ಟು ಹೋಗುತ್ತೆ ಎಂದು ಕೇಳಿದೆ. 'ಅದು ಬರೀ ಡಿಸೈನ್ ಸಾರ್' ಅಂದರು ಅಂಗಡಿಯವರು. ಟೋಪಿ ಹಾಕುವುದು ಎಂದರೆ ಏನೆಂದು ಕನ್ನಡಿಗರಿಗೆ ಹೇಳಬೇಕಿಲ್ಲ. ಆದರೆ ಅವರು ನಿಜವನ್ನೇ ಹೇಳಿದ್ದರಿಂದ ಆ ಮಾತು ಇಲ್ಲಿಗೆ ಹೊಂದುವುದಿಲ್ಲ ಬಿಡಿ!

ಪ್ರಾಣಿ ಚಿತ್ರದ ಟೋಪಿ, ಟೀ ಶರ್ಟ್‌ಗಳಲ್ಲಿ ಎರಡು ಬಗೆ. ಒಂದು, ಬರೀ ಚಿತ್ರ. ಇನ್ನೊಂದು, ಮಾರಾಟದ ಲಾಭವೋ ಅದರ ಒಂದು ಪಾಲೋ ವನ್ಯಜೀವಿ ಕೆಲಸಕ್ಕೆ ಹೋಗುವಂಥದ್ದು. ನೋಡಲು ಎರಡೂ ಒಂದೇ.

ಹುಲಿ ಮೀಸಲು ಪ್ರದೇಶಗಳ ಮಟ್ಟಿಗೆ ಹಣಕ್ಕೆ ಕಾನೂನಿನ ದಾರಿಯೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2006ರಲ್ಲಿ ಸೇರಿಸಿದ 38ಎಕ್ಸ್ ಕಲಮಿನ ಪ್ರಕಾರ ಪ್ರತಿ ಹುಲಿ ಮೀಸಲಿಗೂ ಒಂದು ಹುಲಿ ಸಂರಕ್ಷಣಾ ಪ್ರತಿಷ್ಠಾನ ಇರಬೇಕು. ದೇಣಿಗೆ, ಪ್ರವಾಸಿಗರ ಶುಲ್ಕ ಮುಂತಾದ ಹಣ ಸ್ಥಳೀಯವಾಗಿ ಕಾಡಿಗೂ ಅಲ್ಲಿನ ಜನರಿಗೂ ಬಳಕೆಯಾಗಲಿ ಎಂಬುದು ಉದ್ದೇಶ. ನಮ್ಮ ಆನೈಮಲೈ 2007ರಲ್ಲಿ ಹುಲಿ ಮೀಸಲಾಯಿತು. ಪೊಳ್ಳಾಚಿ, ಟಾಪ್‌ಸ್ಲಿಪ್, ವಾಲ್ಪಾರೈ ಭಾಗ ಕೊಯಮತ್ತೂರು ಜಿಲ್ಲೆಗೆ, ಉಡುಮಲೈ, ಅಮರಾವತಿ ಭಾಗ ತಿರುಪ್ಪೂರು ಜಿಲ್ಲೆಗೆ ಸೇರುತ್ತವೆ.

ಅಂದಹಾಗೆ, ಟೋಪಿಗೂ ವನ್ಯಜೀವಿಗೂ ಇರುವ ಹಳೆಯ ನಂಟು ಒಳ್ಳೆಯದೇನಲ್ಲ. 19ನೇ ಶತಮಾನದ ಕೊನೆಯಲ್ಲಿ ಯೂರೋಪು, ಅಮೆರಿಕದ ಹೆಂಗಸರ ಟೋಪಿಗೆ ಗರಿ ಸಿಕ್ಕಿಸುವ ಹುಚ್ಚು ಹಬ್ಬಿತ್ತು. ಬೆಳ್ಳಕ್ಕಿಗಳಿಗೆ ಮರಿ ಮಾಡುವ ಕಾಲದಲ್ಲಿ ಬರುವ ನವಿರಾದ ಗರಿಗೇ ಹೆಚ್ಚು ಬೆಲೆ. ಆಗ ಹಕ್ಕಿಯನ್ನು ಕೊಂದರೆ ಗೂಡಿನ ಮರಿಗಳೂ ಸಾಯುತ್ತಿದ್ದವು. ಇದನ್ನು ಸಹಿಸದ ಹೆಂಗಸರೇ 1889ರಲ್ಲಿ ಇಂಗ್ಲೆಂಡಿನಲ್ಲಿ ಸಂಘ ಕಟ್ಟಿದರು. ಅದೇ ಇಂದು ಪಕ್ಷಿ ರಕ್ಷಣೆಗೆ ಹೆಸರಾದ ಆರ್‌ಎಸ್‌ಪಿಬಿ. ಭಾರತದಿಂದ ಕಾಡುಹಕ್ಕಿ ಗರಿಗಳ ರಫ್ತು 1902ರಲ್ಲೇ ನಿಷೇಧವಾಯಿತು. ಅದೇ ಟೋಪಿ ಈಗ ಪ್ರಾಣಿಗಳ ಹೆಸರಿನಲ್ಲಿ ಹಣ ಎತ್ತುತ್ತಿದೆ.

ಹೀಗೆ ಬರುವ ಹಣಕ್ಕೆ ಕೆಲಸವೇನು? ವಾಲ್ಪಾರೈಗೆ ಹೋದರೆ ತಿಳಿಯುತ್ತದೆ. ಚಹಾ ತೋಟಗಳ ನಡುವೆ ಆನೆ ಬಂದಾಗ ಜನರಿಗೆ ಮೊಬೈಲ್ ಸಂದೇಶ ಹೋಗುತ್ತದೆ, ಕೆಂಪು ದೀಪ ಉರಿಯುತ್ತದೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಈ ಸಂದೇಶ ವ್ಯವಸ್ಥೆಯನ್ನು ಆರಂಭಿಸಿದ್ದು 2011ರಲ್ಲಿ. ಪುದುತ್ತೋಟ್ಟಂ ಬಳಿ ಸಿಂಗಳೀಕಗಳು ವಾಹನಕ್ಕೆ ಸಿಕ್ಕದೆ ರಸ್ತೆ ದಾಟಲಿ ಎಂದು ಮರದಿಂದ ಮರಕ್ಕೆ ಸೇತುವೆ ಕಟ್ಟಿದ್ದಾರೆ. ಇಂಥವೆಲ್ಲ ಒಮ್ಮೆ ಮಾಡಿ ಬಿಡುವ ಕೆಲಸವಲ್ಲ. ಕಾಯಲು ಜನ ಬೇಕು, ದುರಸ್ತಿಗೆ ಕಾಸು ಬೇಕು.

ಪಕ್ಕದ ನೀಲಗಿರಿಯ ಗೂಡಲೂರಿನದು ಇನ್ನೂ ದೊಡ್ಡ ಕಥೆ. ಅಲ್ಲಿ ಬೆಟ್ಟಕುರುಂಬ, ಪಣಿಯ, ಕಾಟ್ಟುನಾಯ್ಕ ಮುಂತಾದ ಆದಿವಾಸಿಗಳು ಕಾಡನ್ನು ನುಂಗುತ್ತಿರುವ ಲಂಟಾನ ಕಳೆಯಿಂದಲೇ ನಿಜ ಗಾತ್ರದ ಆನೆ ಹೆಣೆಯುತ್ತಾರೆ. ಅವು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತವು. 2024ರಲ್ಲಿ ಅಮೆರಿಕ ಸುತ್ತಲು ಹೊರಟವು. ಮಾರಾಟದ ಹಣ ಮನುಷ್ಯ ಮತ್ತು ಪ್ರಾಣಿ ಒಟ್ಟಿಗೆ ಬಾಳುವ ಯೋಜನೆಗಳಿಗೆ. ಕಳೆಯೂ ಹೋಯಿತು, ಕೂಲಿಯೂ ಬಂತು. ಟೋಪಿಗೆ ಈ ಲೆಕ್ಕ ಸಾಧ್ಯವಿಲ್ಲ.

ಏಕೆಂದರೆ ಟೋಪಿಗೆ ಬಟ್ಟೆ ಬೇಕು, ಬಟ್ಟೆಗೆ ಬಣ್ಣ ಬೇಕು. ಬಣ್ಣದ ನೀರು ನೊಯ್ಯಲ್ ನದಿಗೆ ಏನು ಮಾಡಿತೆಂದು ಒರತ್ತುಪಾಳಯಂ ಅಣೆಕಟ್ಟಿನ ಕೆಳಗಿನ ರೈತರನ್ನು ಕೇಳಿ. ಶುದ್ಧೀಕರಿಸದೆ ನೀರು ಬಿಡುತ್ತಿದ್ದ ಬಣ್ಣದ ಘಟಕಗಳನ್ನು ಮುಚ್ಚಲು 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆದೇಶಿಸಬೇಕಾಯಿತು. ಅದೇ ತಿರುಪ್ಪೂರಿನ ನಂಜರಾಯನ್ ಕೆರೆ 2024ರಲ್ಲಿ ರಾಮ್ಸಾರ್ ತಾಣವಾಗಿದೆ. ಹಕ್ಕಿ ಚಿತ್ರದ ಟೋಪಿಗೆ ಹಾಕಿದ ಬಣ್ಣ ಹಕ್ಕಿಯ ಕೆರೆಗೆ ಇಳಿಯಬಾರದಲ್ಲವೇ?

ಕೊಳ್ಳುವ ಮುನ್ನ ಹಣ ಯಾವ ಸಂಸ್ಥೆಗೆ, ಎಷ್ಟು ಪಾಲು ಎಂದು ಕೇಳಿ. 'ಲಾಭದ ಒಂದು ಭಾಗ' ಎಂಬ ಉತ್ತರಕ್ಕೆ ಅರ್ಥವಿಲ್ಲ. ಟೋಪಿಯ ಬೆಲೆಗೆ 80ಜಿ ತೆರಿಗೆ ರಿಯಾಯಿತಿ ಸಿಗುವುದಿಲ್ಲ, ಅದು ದೇಣಿಗೆಯಲ್ಲ, ಖರೀದಿ. ನಿಜವಾದ ಗರಿ, ಉಗುರು, ಮುಳ್ಳು ಅಂಟಿಸಿದ್ದನ್ನು ಮುಟ್ಟಲೇಬೇಡಿ.

ಇನ್ನೊಂದು ಮಾತು. ಎಲ್ಲರೂ ಹುಲಿ, ಆನೆಯನ್ನೇ ಅಚ್ಚು ಹಾಕಿಸುತ್ತಾರೆ. ತಮಿಳುನಾಡಿನ ರಾಜ್ಯ ಪ್ರಾಣಿ ವರೈಯಾಡು ನಮ್ಮ ಆನೈಮಲೈ ಹುಲ್ಲುಗಾವಲಿನಲ್ಲೇ ಇದೆ. 2024ರ ಎಣಿಕೆಯಲ್ಲಿ ರಾಜ್ಯದಲ್ಲಿ ಸಿಕ್ಕಿದ್ದು 1,031 ಮಾತ್ರ. ಅದರ ಮುಖವಿರುವ ಟೋಪಿ ಖಾದರ್‌ಪೇಟೆಯಲ್ಲಿ ನನಗೆ ಒಂದೂ ಕಾಣಲಿಲ್ಲ.