ಮೆಕಾಟ್ರಾನಿಕ್ಸ್: ಟೂಲ್‌ರೂಮಿನಿಂದ ಬೆಳೆದ ಎಂಜಿನಿಯರಿಂಗ್

ಮಳೆಗಾಲದಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರು ಸೀಮೆಯಲ್ಲಿ ಹೊಗೆಸೊಪ್ಪು ಬೇಯಿಸುವ ಕೆಲಸ ಶುರುವಾಯಿತೆಂದರೆ ಮನೆಯಲ್ಲಿ ಒಬ್ಬರಿಗಾದರೂ ರಾತ್ರಿ ನಿದ್ದೆಯಿಲ್ಲ. ಕಡ್ಡಿಗೆ ಕಟ್ಟಿ ಬ್ಯಾರನ್ ಎಂಬ ಬೇಯಿಸುವ ಮನೆಯೊಳಗೆ ನೇತುಹಾಕಿದ ಎಲೆ ಮೊದಲು 35ರಿಂದ 40 ಡಿಗ್ರಿ ಶಾಖದಲ್ಲಿ ಹಳದಿಗೆ ತಿರುಗಬೇಕು. ಆಮೇಲೆ ಶಾಖ ಮೆಲ್ಲಗೆ ಏರಿ ಎಲೆ ಒಣಗಬೇಕು. ಕೊನೆಗೆ 70 ಡಿಗ್ರಿಯ ಆಸುಪಾಸಿನಲ್ಲಿ ನಡುದಂಟು ಒಣಗಬೇಕು. ಐದಾರು ದಿನದ ಈ ಲೆಕ್ಕದಲ್ಲಿ ಎಲ್ಲಿ ಎಡವಿದರೂ ಬಣ್ಣ ಕೆಡುತ್ತದೆ. ಬಣ್ಣ ಕೆಟ್ಟರೆ ಹರಾಜು ಮಾರುಕಟ್ಟೆಯಲ್ಲಿ ಬೆಲೆ ಬೀಳುತ್ತದೆ. ಅದಕ್ಕೇ ರೈತ ಥರ್ಮಾಮೀಟರ್ ನೋಡುತ್ತಾನೆ, ಎಲೆ ಮುಟ್ಟಿ ನೋಡುತ್ತಾನೆ, ಒಲೆಗೆ ಸೌದೆ ಹಾಕುತ್ತಾನೆ ಇಲ್ಲವೇ ಗಾಳಿಕಿಂಡಿ ತೆರೆಯುತ್ತಾನೆ.

ಅಳೆಯುವುದು, ತೀರ್ಮಾನಿಸುವುದು, ತಕ್ಷಣ ಏನನ್ನಾದರೂ ಕದಲಿಸುವುದು: ಈ ಮೂರನ್ನೂ ಯಂತ್ರವೇ ಮಾಡುವಂತೆ ಕಟ್ಟುವ ವಿದ್ಯೆಗೆ ಮೆಕಾಟ್ರಾನಿಕ್ಸ್ ಎಂದು ಹೆಸರು. ಅಳೆಯಲು ಸೆನ್ಸರ್, ತೀರ್ಮಾನಿಸಲು ಕಂಟ್ರೋಲರ್, ಕದಲಿಸಲು ಮೋಟಾರು, ವಾಲ್ವು, ಸಿಲಿಂಡರು. ಇದು ಹುಣಸೂರು, ಕೆ.ಆರ್. ನಗರದವರು ನೋಡದ ವಸ್ತುವೇನಲ್ಲ. ಅಕ್ಕಿ ಗಿರಣಿಯ ಸಾರ್ಟೆಕ್ಸ್ ಯಂತ್ರದಲ್ಲಿ ಕ್ಯಾಮೆರಾ ಪ್ರತಿ ಕಾಳಿನ ಬಣ್ಣ ನೋಡುತ್ತದೆ. ಕಪ್ಪು ಕಾಳು ಕಂಡ ಗಳಿಗೆಯಲ್ಲೇ ಗಾಳಿಯ ವಾಲ್ವು ತೆರೆದು ಅದನ್ನು ಊದಿ ಆಚೆ ತಳ್ಳುತ್ತದೆ. ಕ್ಯಾಮೆರಾ ಎಲೆಕ್ಟ್ರಾನಿಕ್ಸ್, ತೀರ್ಮಾನ ಸಾಫ್ಟ್‌ವೇರ್, ಗಾಳಿ ಮೆಕ್ಯಾನಿಕಲ್. ಅದು ಕೆಟ್ಟು ನಿಂತಾಗ ಈ ಮೂರೂ ಬಲ್ಲ ಒಬ್ಬನೇ ಮನುಷ್ಯ ಬೇಕು. ಮೆಕಾಟ್ರಾನಿಕ್ಸ್ ಓದಿದವರ ಉದ್ಯೋಗದ ಮೂಲ ಇರುವುದು ಇಲ್ಲೇ.

ಹೆಸರು ಹುಟ್ಟಿದ್ದು ಜಪಾನಿನಲ್ಲಿ. 1969ರಲ್ಲಿ ಯಾಸ್ಕಾವಾ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರ್ ತೆತ್ಸುರೊ ಮೋರಿ ಅದನ್ನು ಕಟ್ಟಿದರು. ಕಂಪನಿ ಮೊದಲು ಅದನ್ನು ಟ್ರೇಡ್‌ಮಾರ್ಕ್ ಆಗಿ ಇಟ್ಟುಕೊಂಡು, 1980ರ ದಶಕದಲ್ಲಿ ಎಲ್ಲರ ಬಳಕೆಗೆ ಬಿಟ್ಟುಕೊಟ್ಟಿತು. ಆ ಹೊತ್ತಿಗೆ ಅಮೆರಿಕದಲ್ಲಿ ಎರಡು ದೊಡ್ಡ ಬದಲಾವಣೆ ಆಗಿದ್ದವು. 1961ರಲ್ಲಿ ಜನರಲ್ ಮೋಟಾರ್ಸ್ ತನ್ನ ಕಾರ್ಖಾನೆಗೆ ಯುನಿಮೇಟ್ ಎಂಬ ರೋಬಾಟ್ ತೋಳನ್ನು ತಂದಿತ್ತು. ಅದೇ ಕಂಪನಿಯ ಬೇಡಿಕೆಗೆ ಉತ್ತರವಾಗಿ 1960ರ ದಶಕದ ಕೊನೆಯಲ್ಲಿ ಪಿಎಲ್‌ಸಿ, ಅಂದರೆ ಪ್ರೋಗ್ರಾಮೆಬಲ್ ಲಾಜಿಕ್ ಕಂಟ್ರೋಲರ್ ಬಂತು. ಅದುವರೆಗೆ ಉತ್ಪಾದನೆಯ ಕ್ರಮ ಬದಲಿಸಬೇಕಾದರೆ ಬೀರುಗಟ್ಟಲೆ ರಿಲೇಗಳ ವೈರು ಬಿಚ್ಚಿ ಮತ್ತೆ ಕಟ್ಟಬೇಕಿತ್ತು. ಪಿಎಲ್‌ಸಿ ಬಂದ ಮೇಲೆ ಪ್ರೋಗ್ರಾಮ್ ಬದಲಿಸಿದರೆ ಸಾಕಾಯಿತು. 1971ರಲ್ಲಿ ಇಂಟೆಲ್ 4004 ಮೈಕ್ರೊಪ್ರೊಸೆಸರ್ ಬಂದ ಮೇಲೆ ಯಂತ್ರದೊಳಗೇ ಲೆಕ್ಕ ಮಾಡುವ ಸಾಮರ್ಥ್ಯ ಅಗ್ಗವಾಗುತ್ತ ಹೋಯಿತು.

ಕರ್ನಾಟಕದ ಕಥೆಯಲ್ಲಿ ಪದವಿ ಕೋರ್ಸು ಬಂದದ್ದು ಕೊನೆಗೆ. ಮೊದಲು ಬಂದದ್ದು ಟೂಲ್‌ರೂಮು, ಅಂದರೆ ಅಚ್ಚು, ಉಪಕರಣ ಮಾಡುವ ಕಾರ್ಯಾಗಾರ.

1953ರಲ್ಲಿ ಸ್ವಿಟ್ಜರ್‌ಲೆಂಡಿನ ಓರ್ಲಿಕನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಶುರುವಾಯಿತು. 1951ರಲ್ಲಿ ಸ್ಥಾಪನೆಯಾಗಿದ್ದ ಮೈಕೊ, ಅಂದರೆ ಇಂದಿನ ಬಾಷ್, 1961ರಲ್ಲಿ ತನ್ನದೇ ವೃತ್ತಿ ತರಬೇತಿ ಕೇಂದ್ರ ತೆರೆದು ಜರ್ಮನ್ ಪದ್ಧತಿಯಂತೆ ಅರ್ಧ ಪಾಠ, ಅರ್ಧ ಕಾರ್ಖಾನೆ ಎಂಬ ಕ್ರಮದಲ್ಲಿ ಹುಡುಗರನ್ನು ತಯಾರು ಮಾಡತೊಡಗಿತು. 1962ರಲ್ಲಿ ಯಂತ್ರೋಪಕರಣ ಸಂಶೋಧನೆಗೆಂದೇ ಇಂದಿನ ಸಿಎಂಟಿಐ ಬೆಂಗಳೂರಿನಲ್ಲಿ ನೆಲೆಯೂರಿತು. 1959ರಲ್ಲಿ ತಲಶ್ಶೇರಿ ಬಳಿಯ ನೆಟ್ಟೂರಿನಲ್ಲಿ ಸ್ವಿಸ್ ನೆರವಿನಿಂದ ಹುಟ್ಟಿದ ಎನ್‌ಟಿಟಿಎಫ್ ಮುಂದೆ ಬೆಂಗಳೂರಿಗೂ ಬಂತು. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಆರಂಭವಾಯಿತು. ಹಳ್ಳಿ ಹುಡುಗರ ಬಾಯಲ್ಲಿ ಅದು ಇವತ್ತಿಗೂ ಜಿಟಿಟಿಸಿ.

ಈ ಯಾವ ಸಂಸ್ಥೆಯ ಬಾಗಿಲಲ್ಲೂ ಆಗ ಮೆಕಾಟ್ರಾನಿಕ್ಸ್ ಎಂಬ ಬೋರ್ಡು ಇರಲಿಲ್ಲ. ಅಲ್ಲಿ ಕಲಿಸುತ್ತಿದ್ದುದು ಫೈಲು ಹಿಡಿಯುವುದು, ಮೈಕ್ರಾನಿನ ಲೆಕ್ಕದಲ್ಲಿ ಅಳೆಯುವುದು, ಅಚ್ಚು ಮಾಡುವುದು. ಮುಂದೆ ಲೇತು, ಮಿಲ್ಲಿಂಗ್ ಯಂತ್ರಗಳಿಗೆ ಕಂಪ್ಯೂಟರ್ ನಿಯಂತ್ರಣ, ಅಂದರೆ ಸಿಎನ್‌ಸಿ ಸೇರಿದಾಗ ಯಂತ್ರದ ಪಕ್ಕದಲ್ಲಿ ಕಂಟ್ರೋಲ್ ಪ್ಯಾನೆಲ್ ಬಂದು ಕೂತಿತು. ಗೇರು ಬಲ್ಲ ಫಿಟ್ಟರನಿಗೆ ಪ್ಯಾನೆಲ್ ತೆರೆಯಲು ಭಯ. ಪ್ಯಾನೆಲ್ ಬಲ್ಲ ಎಲೆಕ್ಟ್ರೀಷಿಯನ್‌ಗೆ ಸ್ಪಿಂಡಲ್ ಯಾಕೆ ಅಲುಗುತ್ತಿದೆ ಎಂಬುದು ತಿಳಿಯದು. ಲೈನ್ ನಿಂತಾಗ ತಪ್ಪು ಯಾರ ಕಡೆಯದು ಎಂಬ ಜಗಳದಲ್ಲೇ ಒಂದು ಶಿಫ್ಟ್ ಕಳೆಯುತ್ತಿತ್ತು. ಎರಡನ್ನೂ ಬಲ್ಲ ಕೆಲಸಗಾರನ ಬೇಡಿಕೆ ಹೀಗೆ ಮೆಂಟೆನೆನ್ಸ್ ವಿಭಾಗದಿಂದಲೇ ಎದ್ದಿತು. ಜರ್ಮನಿ 1998ರಲ್ಲಿ ಇದನ್ನು ಗುರುತಿಸಿ ಮೆಕಾಟ್ರಾನಿಕರ್ ಎಂಬ ಮೂರೂವರೆ ವರ್ಷದ ಹೊಸ ವೃತ್ತಿ ತರಬೇತಿಯನ್ನೇ ಕಾನೂನುಬದ್ಧವಾಗಿ ಜಾರಿಗೆ ತಂದಿತು. ಅದಕ್ಕೂ ಮೊದಲೇ, 1991ರಿಂದ, ವಿಶ್ವ ಕೌಶಲ ಸ್ಪರ್ಧೆಯಲ್ಲಿ ಮೆಕಾಟ್ರಾನಿಕ್ಸ್ ಒಂದು ವಿಭಾಗವಾಗಿತ್ತು. ಅಲ್ಲಿ ಇಬ್ಬರ ತಂಡ ಪುಟ್ಟ ಉತ್ಪಾದನಾ ಲೈನನ್ನು ಜೋಡಿಸಿ, ಪ್ರೋಗ್ರಾಮ್ ಬರೆದು, ಬೇಕೆಂದೇ ಕೆಡಿಸಿಟ್ಟ ದೋಷವನ್ನು ಹುಡುಕಿ ಸರಿಪಡಿಸಬೇಕು.

ಕರ್ನಾಟಕದಲ್ಲಿ ಇಂಥ ವೃತ್ತಿ ತರಬೇತಿಯನ್ನು ಹಳ್ಳಿ ಮಕ್ಕಳ ಹತ್ತಿರಕ್ಕೆ ತಂದ ಮುಖ್ಯ ಪ್ರಯೋಗ ನಡೆದದ್ದು ಬಿಡದಿಯಲ್ಲಿ. ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯ ಆವರಣದಲ್ಲಿ 2007ರಲ್ಲಿ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆ ತೆರೆಯಿತು. ಹತ್ತನೇ ತರಗತಿ ಮುಗಿಸಿದ, ರಾಜ್ಯದ ಬಡ ಗ್ರಾಮೀಣ ಕುಟುಂಬಗಳ ಮಕ್ಕಳಿಗೆ ಮೂರು ವರ್ಷದ ಉಚಿತ ವಸತಿ ತರಬೇತಿ. ವೆಲ್ಡಿಂಗ್, ಪೇಂಟಿಂಗ್, ಅಸೆಂಬ್ಲಿಯ ಜೊತೆಗೆ ಮೆಕಾಟ್ರಾನಿಕ್ಸ್ ಕೂಡ ಅಲ್ಲಿನ ಕೋರ್ಸುಗಳಲ್ಲಿ ಸೇರಿತು. ಮೊದಲು ಹುಡುಗರಿಗಷ್ಟೇ ಇದ್ದ ಪ್ರವೇಶ ಇತ್ತೀಚಿನ ವರ್ಷಗಳಲ್ಲಿ ಹುಡುಗಿಯರಿಗೂ ತೆರೆದಿದೆ. ಸರ್ಕಾರದ ಕಡೆಯಿಂದ ಜರ್ಮನಿಯ ಅಭಿವೃದ್ಧಿ ಸಹಕಾರ ಸಂಸ್ಥೆ ಜಿಐಜೆಡ್ ಸಹಯೋಗದಲ್ಲಿ ಕರ್ನಾಟಕ ಜರ್ಮನ್ ತಾಂತ್ರಿಕ ತರಬೇತಿ ಸಂಸ್ಥೆ ಬೆಂಗಳೂರು, ಕಲಬುರಗಿಗಳಲ್ಲಿ ಮೊದಲುಗೊಂಡು ಬೇರೆ ಊರುಗಳಿಗೂ ಹರಡಿತು.

ಪದವಿ ಕಾಲೇಜುಗಳು ಈ ಸಾಲಿಗೆ ನಿಧಾನವಾಗಿ ಸೇರಿದವು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಬೆಂಗಳೂರಿನ ಆಚಾರ್ಯ, ಮೂಡುಬಿದಿರೆಯ ಎಂಐಟಿಇ ಮೊದಲಾದ ಕೆಲವೇ ಕಾಲೇಜುಗಳು ಮೆಕಾಟ್ರಾನಿಕ್ಸ್ ಬಿ.ಇ. ತೆರೆದವು, ಮಣಿಪಾಲದಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವೇ ಇದೆ. ಕಂಪ್ಯೂಟರ್ ಸೈನ್ಸ್‌ಗೆ ನುಗ್ಗುವ ಜನಸಂದಣಿಯ ಮುಂದೆ ಈ ಸೀಟುಗಳು ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಇತ್ತೀಚೆಗೆ ಅದೇ ವಿದ್ಯೆ ರೋಬಾಟಿಕ್ಸ್ ಆ್ಯಂಡ್ ಆಟೊಮೇಷನ್ ಎಂಬ ಹೆಸರಿನಲ್ಲೂ ಬರುತ್ತಿದೆ. ಪಠ್ಯದಲ್ಲಿ ಮಾತ್ರ ಹೆಚ್ಚಿನ ವ್ಯತ್ಯಾಸವಿಲ್ಲ: ಬಲವಿಜ್ಞಾನ, ಸರ್ಕ್ಯೂಟುಗಳು, ಹೈಡ್ರಾಲಿಕ್ಸ್ ಮತ್ತು ನ್ಯೂಮ್ಯಾಟಿಕ್ಸ್, ಮೈಕ್ರೊಕಂಟ್ರೋಲರ್, ಕಂಟ್ರೋಲ್ ಸಿಸ್ಟಮ್ಸ್, ಪಿಎಲ್‌ಸಿ, ರೋಬಾಟ್.

ರಾವಂದೂರಿನ ವಿದ್ಯಾರ್ಥಿಗೆ ಇದರಿಂದ ಸಿಗುವ ಕೆಲಸ ಎಲ್ಲಿದೆ? ಉತ್ತರದ ಒಂದು ಭಾಗ ಮೈಸೂರಿಗೆ ಹೋಗುವ ಬಸ್ಸಿನ ದಾರಿಯಲ್ಲೇ ಇದೆ. ಹುಣಸೂರು, ಬಿಳಿಕೆರೆ, ಇಲವಾಲ ದಾಟಿದರೆ ಬೆಳವಾಡಿ, ಹೂಟಗಳ್ಳಿ ಕೈಗಾರಿಕಾ ಪ್ರದೇಶ. ಟಯರಿನ ವಾಲ್ವು ಮಾಡುವ ಟ್ರೈಟನ್, ಲಾರಿಯ ಆ್ಯಕ್ಸಲ್ ಮಾಡುವ ಆಟೊಮೋಟಿವ್ ಆ್ಯಕ್ಸಲ್ಸ್ ಈ ಸುತ್ತಿನಲ್ಲಿವೆ. ಮೈಸೂರು, ನಂಜನಗೂಡು ಕಡೆಗೆ ಬಿಇಎಂಎಲ್, ಜೆಕೆ ಟಯರ್, ಟಿವಿಎಸ್, ನೆಸ್ಲೆ, ಸರ್ಕ್ಯೂಟ್ ಬೋರ್ಡು ಮಾಡುವ ಎಟಿ ಆ್ಯಂಡ್ ಎಸ್. 1988ರಲ್ಲಿ ಮೈಸೂರಿನಲ್ಲಿ ಶುರುವಾದ ಕೇನ್ಸ್ ಟೆಕ್ನಾಲಜಿ 2022ರಲ್ಲಿ ಷೇರುಪೇಟೆಗೆ ಬಂದು ದೇಶದ ಗಮನ ಸೆಳೆಯಿತು. ಟಯರು, ಕಾಫಿಪುಡಿ, ಸರ್ಕ್ಯೂಟ್ ಬೋರ್ಡು ಒಂದಕ್ಕೊಂದು ಸಂಬಂಧವಿಲ್ಲದ ಸರಕು. ಆದರೆ ಮೂರೂ ಕಡೆ ಲೈನ್ ಓಡಿಸುವುದು ಸೆನ್ಸರ್, ಡ್ರೈವ್ ಮತ್ತು ಪಿಎಲ್‌ಸಿಗಳೇ. ಒಂದು ಉದ್ಯಮ ಸೊರಗಿದರೂ ಇನ್ನೊಂದರಲ್ಲಿ ನಡೆಯುವ ಕೈಕಸುಬು ಇದು. 1996ರಲ್ಲಿ ಮೈಸೂರಿನ ಐಡಿಯಲ್ ಜಾವಾ ಮೋಟಾರ್ ಸೈಕಲ್ ಕಾರ್ಖಾನೆ ಮುಚ್ಚಿದ್ದನ್ನು ಕಂಡ ಊರಿಗೆ ಇದರ ಬೆಲೆ ಗೊತ್ತು.

2020ರಲ್ಲಿ ಈ ವಿದ್ಯೆ ಮೈಸೂರಿನಲ್ಲಿ ದೇಶದ ತುರ್ತಿಗೂ ಒದಗಿತು. ಕೋವಿಡ್ ಶುರುವಾಗಿ ವೆಂಟಿಲೇಟರುಗಳ ಕೊರತೆ ಎದುರಾದಾಗ ಮೈಸೂರಿನ ಸ್ಕ್ಯಾನ್‌ರೇ ಕಂಪನಿಯ ವಿನ್ಯಾಸವನ್ನು ಆಧರಿಸಿ, ಡಿಆರ್‌ಡಿಒ ನೆರವಿನಲ್ಲಿ ಬೆಂಗಳೂರಿನ ಬಿಇಎಲ್ 30,000 ವೆಂಟಿಲೇಟರುಗಳ ಆರ್ಡರ್ ಕೈಗೆತ್ತಿಕೊಂಡಿತು. ವೆಂಟಿಲೇಟರ್ ಅಪ್ಪಟ ಮೆಕಾಟ್ರಾನಿಕ್ ಯಂತ್ರ. ರೋಗಿಯ ಉಸಿರಿನ ಒತ್ತಡ, ಹರಿವುಗಳನ್ನು ಸೆನ್ಸರ್ ಅಳೆಯುತ್ತದೆ, ಪ್ರೋಗ್ರಾಮ್ ಲೆಕ್ಕ ಹಾಕುತ್ತದೆ, ವಾಲ್ವು ಅಷ್ಟೇ ಗಾಳಿಯನ್ನು ಬಿಡುತ್ತದೆ. ಅಂಥ ಸೂಕ್ಷ್ಮ ವಾಲ್ವುಗಳನ್ನು ಅಲ್ಲಿಯವರೆಗೆ ಹೊರದೇಶಗಳಿಂದ ತರಿಸುತ್ತಿದ್ದರು. ಲಾಕ್‌ಡೌನ್ ನಡುವೆ ಅವನ್ನು ಇಲ್ಲೇ ಮಾಡಬೇಕಾಯಿತು.

ಇಲ್ಲಿಗೆ ತಲುಪುವ ದಾರಿ ಒಂದಲ್ಲ. ಎಸ್ಸೆಸ್ಸೆಲ್ಸಿ ನಂತರ ಐಟಿಐ ಮೊದಲನೆಯದು. ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ 4,600 ಕೋಟಿ ರೂಪಾಯಿಗೂ ಹೆಚ್ಚು ವೆಚ್ಚದಲ್ಲಿ ಮೇಲ್ದರ್ಜೆಗೇರಿದ ರಾಜ್ಯದ 150 ಸರ್ಕಾರಿ ಐಟಿಐಗಳನ್ನು 2022ರ ಜೂನ್‌ನಲ್ಲಿ ಪ್ರಧಾನಿ ಲೋಕಾರ್ಪಣೆ ಮಾಡಿದರು. ಕೈಗಾರಿಕಾ ರೋಬಾಟಿಕ್ಸ್, ಸುಧಾರಿತ ಸಿಎನ್‌ಸಿ, ಎಲೆಕ್ಟ್ರಿಕ್ ವಾಹನ, ಉತ್ಪಾದನಾ ಆಟೊಮೇಷನ್ ಅಲ್ಲಿ ಹೊಸದಾಗಿ ಬಂದ ಟ್ರೇಡುಗಳು. ಎರಡನೆಯದು ಡಿಪ್ಲೊಮಾ: ಜಿಟಿಟಿಸಿಯಲ್ಲಾದರೆ ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆ. ಜಿಟಿಟಿಸಿಯ ಕೇಂದ್ರ ಮೈಸೂರಿನಲ್ಲೂ ಇದೆ. ಮೂರನೆಯದು ಪಿಯುಸಿ ವಿಜ್ಞಾನ ಮುಗಿಸಿ ಸಿಇಟಿ ಬರೆದು ಬಿ.ಇ. ಸೇರುವುದು. ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಮತ್ತು ಕನ್ನಡ ಮಾಧ್ಯಮ ಮೀಸಲಾತಿ ಇರುವುದರಿಂದ ಒಂದರಿಂದ ಹತ್ತರವರೆಗೆ ಎಲ್ಲಿ, ಯಾವ ಮಾಧ್ಯಮದಲ್ಲಿ ಓದಿದ್ದು ಎಂಬ ಪ್ರಮಾಣಪತ್ರಗಳನ್ನು ಮೊದಲೇ ಮಾಡಿಸಿಟ್ಟುಕೊಂಡವರಿಗೆ ಅನುಕೂಲ. ಈ ದಾರಿಗಳು ನಡುವೆ ಕೂಡುತ್ತವೆ ಕೂಡ. ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಬಿ.ಇ. ಎರಡನೇ ವರ್ಷಕ್ಕೆ ಸೇರಬಹುದು.

ಕೆಳಗಿನಿಂದ ಹತ್ತುವ ಈ ದಾರಿ ಸುತ್ತಿನದು ಎಂದು ಮನೆಯವರಿಗೆ ಅನ್ನಿಸುವುದು ಸಹಜ. ಆದರೆ ಈ ಕ್ಷೇತ್ರ ಬೆಳೆದದ್ದೇ ಹಾಗೆ. ಸಂಕುಚಿತ ಗಾಳಿಯ ಸಿಲಿಂಡರು ಯಾಕೆ ಪೂರ್ತಿ ಚಾಚುತ್ತಿಲ್ಲ ಎಂಬ ಪ್ರಶ್ನೆಗೆ ಉತ್ತರ ಲೀಕಾಗುವ ಪೈಪಿನಲ್ಲಿರಬಹುದು, ಸುಟ್ಟ ಸೊಲೆನಾಯ್ಡ್ ಕಾಯಿಲಿನಲ್ಲಿರಬಹುದು, ಸರಿದ ಸೆನ್ಸರಿನಲ್ಲಿರಬಹುದು, ಪ್ರೋಗ್ರಾಮಿನ ಒಂದು ಸಾಲಿನಲ್ಲಿರಬಹುದು. ನಾಲ್ಕನ್ನೂ ಕೈಯಾರೆ ಬಿಚ್ಚಿ ನೋಡಿದ ಡಿಪ್ಲೊಮಾ ಹುಡುಗಿ, ಸೆಮಿಸ್ಟರಿಗೆ ಎರಡು ಬಾರಿ ಕಿಟ್ ಮುಟ್ಟಿದ ಪದವೀಧರನಿಗಿಂತ ಬೇಗ ಲೈನ್ ಓಡಿಸುತ್ತಾಳೆ. ಪದವಿ ಅಗತ್ಯವಾಗುವುದು ವಿನ್ಯಾಸ, ಸಿಮ್ಯುಲೇಷನ್, ಹೊಸ ಯಂತ್ರ ಕಟ್ಟುವ ಯೋಜನೆಗಳಂಥ ಮುಂದಿನ ಹಂತದಲ್ಲಿ. ಅಲ್ಲಿ ಗಣಿತ ಗಟ್ಟಿಯಿಲ್ಲದವರು ನಿಂತುಬಿಡುತ್ತಾರೆ.

ತೊಡಕುಗಳೂ ಇವೆ. ಎಂ.ಟೆಕ್ ಪ್ರವೇಶದ ಗೇಟ್ ಪರೀಕ್ಷೆಯಲ್ಲಿ ಮೆಕಾಟ್ರಾನಿಕ್ಸ್‌ಗೆ ಪ್ರತ್ಯೇಕ ಪತ್ರಿಕೆಯಿಲ್ಲ. ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್, ಇನ್‌ಸ್ಟ್ರುಮೆಂಟೇಷನ್ ಮುಂತಾದವುಗಳಲ್ಲಿ ಯಾವುದನ್ನಾದರೂ ಆಯ್ದುಕೊಂಡು, ಆ ಶಾಖೆಯನ್ನೇ ನಾಲ್ಕು ವರ್ಷ ಓದಿದವರ ಜೊತೆ ಸ್ಪರ್ಧಿಸಬೇಕು. ಸರ್ಕಾರಿ ನೇಮಕಾತಿಯ ಅಧಿಸೂಚನೆಗಳು ಶಾಖೆಯ ಹೆಸರು ಹಿಡಿದು ಅರ್ಹತೆ ಹೇಳುತ್ತವೆ. ಎಲೆಕ್ಟ್ರಿಕಲ್ ಎಂದಿರುವಲ್ಲಿ ಮೆಕಾಟ್ರಾನಿಕ್ಸ್ ಪ್ರಮಾಣಪತ್ರ ನಡೆಯುವುದು ಖಾತ್ರಿಯಿಲ್ಲ. ಜನರ ಬಾಯಲ್ಲಿ ಇನ್ನೂ ಕೆಇಬಿ ಎನಿಸಿಕೊಳ್ಳುವ ಸರ್ಕಾರಿ ವಿದ್ಯುತ್ ಕಂಪನಿಗಳ ಕೆಲಸವೇ ಗುರಿ ಎನ್ನುವ ಮನೆಯವರು ಈ ಕೋರ್ಸಿಗೆ ಸೇರಿಸುವ ಮೊದಲು ಎರಡು ಬಾರಿ ಯೋಚಿಸಬೇಕು. ಖಾಸಗಿ ಕಾರ್ಖಾನೆಗಳಲ್ಲಿ ಅಪ್ರೆಂಟಿಸ್ ಆಗಿ ಸೇರಿದವರೆಲ್ಲ ಕಾಯಂ ಆಗುವುದಿಲ್ಲ. ಗುತ್ತಿಗೆಯಲ್ಲೇ ವರ್ಷಗಳು ಉರುಳುವುದುಂಟು. ರಾತ್ರಿ ಪಾಳಿ, ಬೆಂಗಳೂರು, ಹೊಸೂರು, ಪುಣೆಗಳ ಬಾಡಿಗೆ ಕೋಣೆ, ಯಂತ್ರ ಕೂರಿಸಲು ವಾರಗಟ್ಟಲೆ ಪರಊರು, ಇವೂ ಕೆಲಸದ ಭಾಗವೇ. ಯಂತ್ರದ ಕೈಪಿಡಿಗಳು, ಸಾಫ್ಟ್‌ವೇರಿನ ಪರದೆ ಎಲ್ಲ ಇಂಗ್ಲಿಷಿನಲ್ಲಿರುವುದು ಕನ್ನಡ ಮಾಧ್ಯಮದವರಿಗೆ ಮೊದಲ ವರ್ಷದ ದೊಡ್ಡ ಏರು.

ಹೊಗೆಸೊಪ್ಪಿನ ಸೀಮೆಗೆ ಈ ಲೆಕ್ಕಾಚಾರ ಇನ್ನಷ್ಟು ತುರ್ತಿನದು. ಭಾರತ 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಅನುಮೋದಿಸಿದೆ. ಎಷ್ಟು ಬೆಳೆಯಬೇಕೆಂಬ ಮಿತಿಯನ್ನು ತಂಬಾಕು ಮಂಡಳಿ ವರ್ಷ ವರ್ಷವೂ ನಿಗದಿ ಮಾಡುತ್ತದೆ. ಮುಂದಿನ ತಲೆಮಾರು ಬ್ಯಾರನ್ನನ್ನೇ ನೆಚ್ಚಿ ಕೂರಲಾಗದು ಎಂಬುದು ಮನೆಮನೆಯಲ್ಲೂ ಗೊತ್ತಿರುವ ಮಾತು.

ಆದ್ದರಿಂದ ಪ್ರವೇಶದ ಹೊತ್ತಿನಲ್ಲಿ ಕಾಲೇಜಿನ ಕಟ್ಟಡ ನೋಡುವುದಕ್ಕಿಂತ ಲ್ಯಾಬಿನ ಬಾಗಿಲು ತೆರೆಸಿ ನೋಡುವುದು ಲೇಸು. ಒಂದು ಪಿಎಲ್‌ಸಿ ಕಿಟ್ಟಿಗೆ ಎಷ್ಟು ವಿದ್ಯಾರ್ಥಿಗಳು? ರೋಬಾಟ್ ಇದ್ದರೆ ಅದನ್ನು ವಿದ್ಯಾರ್ಥಿಗಳು ಓಡಿಸುತ್ತಾರೋ, ಗಾಜಿನಾಚೆಯಿಂದ ನೋಡುತ್ತಾರೋ? ಕಾರ್ಖಾನೆ ತರಬೇತಿ ಎಷ್ಟು ತಿಂಗಳು, ಯಾವ ಕಂಪನಿಯಲ್ಲಿ, ಸ್ಟೈಪೆಂಡ್ ಎಷ್ಟು? ಎರಡು ವರ್ಷದ ಹಿಂದೆ ಮುಗಿಸಿದವರು ಈಗ ಎಲ್ಲಿದ್ದಾರೆ, ಕಾಯಮ್ಮೋ ಗುತ್ತಿಗೆಯೋ? ಉತ್ತರಗಳನ್ನು ಕಚೇರಿಯಲ್ಲಿ ಕೇಳುವುದರ ಜೊತೆಗೆ ಅಲ್ಲೇ ಓದುತ್ತಿರುವ ಕೊನೆಯ ವರ್ಷದ ವಿದ್ಯಾರ್ಥಿಗಳನ್ನೂ ಕೇಳಬೇಕು. ಎರಡೂ ಕಡೆಯ ಉತ್ತರ ತಾಳೆಯಾದ ಕಡೆ ಅರ್ಜಿ ಹಾಕಬಹುದು.