ಬಸವಕಲ್ಯಾಣ–ಹೈದರಾಬಾದ್: ಎಲೆಕ್ಟ್ರಿಕ್ ಎಸ್‌ಯುವಿ ಕೊಳ್ಳುವ ಮುಂಚೆ ಈ ಲೆಕ್ಕ ಹಾಕಿ

ಬಸವಕಲ್ಯಾಣ, ಹುಮನಾಬಾದ್ ಕಡೆಯವರು ನನ್ನನ್ನು ಕೇಳೋದು ಒಂದೇ: ‘ಒಂದು ಚಾರ್ಜಿನಲ್ಲಿ ಹೈದರಾಬಾದ್‌ಗೆ ಹೋಗಿ ಬರಬಹುದಾ?’ ದೊಡ್ಡ ಆಸ್ಪತ್ರೆ, ವಿಮಾನ ಅಂದ್ರೆ ನಮಗೆ ಹೈದರಾಬಾದೇ. ಬಸವಕಲ್ಯಾಣದಿಂದ ಹೋಗಿ ಬರಲು ಸುಮಾರು 350 ಕಿ.ಮೀ.

ಮಹೀಂದ್ರ ಎಕ್ಸ್‌ಇವಿ 9ಇಗೆ (79 ಯೂನಿಟ್ ಬ್ಯಾಟರಿ) 656 ಕಿ.ಮೀ., ಟಾಟಾ ಹ್ಯಾರಿಯರ್ ಇವಿಗೆ (75 ಯೂನಿಟ್) 627 ಕಿ.ಮೀ. ಅಂತಾರೆ. ಅವು ಪ್ರಯೋಗಾಲಯದ ಅಂಕಿ. ಬ್ಯಾಟರಿ ಗಾತ್ರದಿಂದಲೇ ಲೆಕ್ಕ ಶುರು ಮಾಡಿ.

ಐದು ಜನ, ಎಸಿ, ಹೆದ್ದಾರಿ 65ರಲ್ಲಿ ನೂರರ ವೇಗ: ನೂರು ಕಿ.ಮೀ.ಗೆ 20 ಯೂನಿಟ್ ಹಿಡಿಯಿರಿ. ಶೇ 10 ಉಳಿಸಿಕೊಂಡರೆ 79ರಲ್ಲಿ ಸಿಗೋದು 355 ಕಿ.ಮೀ., 75ರಲ್ಲಿ 337. ಅಂದರೆ ದೊಡ್ಡ ಬ್ಯಾಟರಿಯೂ ಅಂಚಿನಲ್ಲೇ ಇದೆ. ನಗರದೊಳಗೆ ಸುತ್ತಾಡಿದರೆ ಅಲ್ಲೊಮ್ಮೆ ಫಾಸ್ಟ್ ಚಾರ್ಜ್ ಬೇಕೇ ಬೇಕು.

ಇನ್ನು ಮನೆ. 7.2 ಕಿಲೋವ್ಯಾಟ್ ಚಾರ್ಜರ್‌ಗೆ ಖಾಲಿ ಬ್ಯಾಟರಿ ತುಂಬಲು 11–12 ತಾಸು. 16 ಆಂಪ್ ಸಾಕೆಟ್ಟಿಗೆ ಒಂದು ಹಗಲು, ಒಂದು ರಾತ್ರಿ. ಮೊದಲು ಜೆಸ್ಕಾಂನಲ್ಲಿ ಲೋಡ್ ಹೆಚ್ಚಿಸಿ, ಅರ್ಥಿಂಗ್ ಪರೀಕ್ಷಿಸಿ.

ನಿತ್ಯ ಓಡಾಟ ಹುಮನಾಬಾದ್‌ವರೆಗೆ ಮಾತ್ರವಾದರೆ ಸಣ್ಣ ಬ್ಯಾಟರಿ ಸಾಕು. ಆದರೆ ಮನೆಯಲ್ಲಿ ಪದೇ ಪದೇ ಆಸ್ಪತ್ರೆಗೆ ಹೋಗುವ ಹಿರಿಯರಿದ್ದರೆ, ದೊಡ್ಡದಕ್ಕೇ ದುಡ್ಡು ಹಾಕಿ. ರೋಗಿಯನ್ನು ಕೂರಿಸಿಕೊಂಡು ಚಾರ್ಜರ್ ಹುಡುಕುವ ಪಾಡು ಬೇಡ.