ಹದಿಮೂರನೆಯ ತಿಂಗಳು ಯಾರ ಲೆಕ್ಕಕ್ಕೆ?

ಚೈತ್ರದಿಂದ ಫಾಲ್ಗುಣದವರೆಗಿನ ಹನ್ನೆರಡು ಮಾಸಗಳನ್ನು ನಮ್ಮ ಸಾಹಿತ್ಯ ವಿಮರ್ಶೆ ಋತುವರ್ಣನೆಯ ಸಾಮಗ್ರಿಯಾಗಿ ಓದುತ್ತ ಬಂದಿದೆ. ಕೇರಿಯಿಂದ ಬಂದ ನಾನು ಅವನ್ನು ದುಡಿಮೆಯ ಲೆಕ್ಕವಾಗಿ ಓದಬೇಕೆನ್ನುತ್ತೇನೆ.

ಕೃಷ್ಣೆ-ತುಂಗಭದ್ರೆಯರ ನಡುವಿನ ರಾಯಚೂರು ಸೀಮೆಯಲ್ಲಿ ನಿಜಾಮನ ಕಾಲಕ್ಕೆ ಎರಡು ಬಗೆಯ ತಿಂಗಳುಗಳಿದ್ದವು. ರಾಯಚೂರಿನ ಕಚೇರಿಯದು ಫಸಲಿ ವರ್ಷ. ಫಾರಸಿ ಹೆಸರಿನ ತಿಂಗಳುಗಳು, ಅಕ್ಟೋಬರಿನ ಆಜೂರ್‌ನಿಂದ ಆರಂಭ. 1948ರ ಪೊಲೀಸ್ ಕಾರ್ಯಾಚರಣೆ ಆ ಲೆಕ್ಕದಲ್ಲಿ ನಡೆದದ್ದು ಫಸಲಿ 1357ರಲ್ಲಿ. ಊರಾಗ ನಡೀತಿದ್ದದ್ದು ಮಾತ್ರ ಪಂಚಾಂಗ. ಅಮಾವಾಸ್ಯೆಗೆ ತಿಂಗಳು ಮುಗೀತದ, ಹನ್ನೆರಡು ತಿಂಗಳಿಗೆ ಸುಮಾರು 354 ದಿನ. ಸೂರ್ಯನ ವರ್ಷಕ್ಕೆ ಬೀಳುವ ಹನ್ನೊಂದು ದಿನದ ಕೊರತೆ ತುಂಬಲಿಕ್ಕೆ 19 ವರ್ಷಕ್ಕೆ ಏಳು ಅಧಿಕ ಮಾಸ. 2023ರ ಅಧಿಕ ಶ್ರಾವಣ ಹಾಗೆ ಬಂದದ್ದು.

ಮಾನ್ವಿ, ದೇವದುರ್ಗದ ಕೇರಿಗಳಾಗ ಹಿರಿಯರನ್ನ ಕೇಳ್ರಿ. ಯುಗಾದಿ ಅಂದ್ರ ಬೇವು-ಬೆಲ್ಲಕ್ಕಿಂತ ಮೊದಲು ಸಂಬಳದಾಳಿನ ಕರಾರು ನೆನಪಿಗೆ ಬರ್ತದ. ಯುಗಾದಿಯಿಂದ ಯುಗಾದಿಗೆ ಇಷ್ಟು ಜೋಳ, ಇಷ್ಟು ರೊಕ್ಕ. ಮುಂಗಡ ತಂದ ಸಾಲದ ಬಡ್ಡಿ ಮಾತ್ರ ತಿಂಗಳ ಲೆಕ್ಕ. ಅಧಿಕ ಬಂದ ವರ್ಷ ಏನಾಯ್ತು ನೋಡ್ರಿ: ದುಡಿಮೆ 384 ದಿನ, ಬಡ್ಡಿ ಹದಿಮೂರು ತಿಂಗಳದು, ಜೋಳ ಒಂದೇ ವರ್ಷದ್ದು. ಅದೇ ತಿಂಗಳನ್ನು ಪುರುಷೋತ್ತಮ ಮಾಸವೆಂದು ಕರೆದು 33 ಅಪೂಪಗಳ ದಾನಕ್ಕೆ ಪುಣ್ಯ ಹೇಳುತ್ತದೆ ಶಾಸ್ತ್ರ.

ಉಳಿದ ವರ್ಷಗಳಲ್ಲಿ ದಿನ ಕಡಿಮೆಯಲ್ಲವೇ, ಕೂಡಿ ಕಳೆದರೆ ಸರಿಹೋಯಿತಲ್ಲ ಎಂದು ಕೇಳುವವರಿದ್ದಾರೆ. ಹತ್ತೊಂಬತ್ತು ವರ್ಷ ಒಬ್ಬನೇ ಧಣಿಯ ಮನೆಯಲ್ಲಿ ದುಡಿದವನಿಗೆ ಮಾತ್ರ ಸರಿಹೋಗುವ ಗಣಿತ ಅದು. ಅಂಥ ದುಡಿಮೆಗೆ ಜೀತವೆಂದೇ ಹೆಸರು.

ಹಬ್ಬಗಳೂ ಈ ಲೆಕ್ಕದ ಹೊರಗಿಲ್ಲ. ಜ್ಯೇಷ್ಠದ ಕಾರಹುಣ್ಣಿಮೆಗೆ ಎತ್ತಿಗೆ ಬಿಡುವು, ಬಣ್ಣ, ಗೆಜ್ಜೆ. ಎತ್ತಿನ ಮೈ ತೊಳೆಯುವ ಆಳಿಗೆ ಅವತ್ತೂ ಕೆಲಸ. ಮಾಘದ ಭಾರತ ಹುಣ್ಣಿಮೆ ಬಂದರೆ ನಮ್ಮ ಹೆಣ್ಣುಮಕ್ಕಳ ಕೊರಳಿಗೆ ಮುತ್ತು. ಅದನ್ನು ನಿಷೇಧಿಸಲು 1982ರ ಕಾಯ್ದೆ ಬೇಕಾಯಿತು.

1976ರ ಜೀತ ಪದ್ಧತಿ ರದ್ದತಿ ಕಾಯ್ದೆಯನ್ನು ವಿದ್ಯಾರ್ಥಿಗಳು ಒಮ್ಮೆ ತೆರೆದು ನೋಡಬೇಕು. ದೇಶದ ಜೀತಪದ್ಧತಿಗಳ ಹೆಸರುಗಳನ್ನು ಅದು ಪಟ್ಟಿ ಮಾಡಿದೆ. ಹೈದರಾಬಾದ್ ಸೀಮೆಯ ಭಗೇಲಾ ಅದರಲ್ಲಿದೆ, ಜೀತ ಇದೆ, ಹೊಲೆಯ ಎಂಬ ಜಾತಿಯ ಹೆಸರೇ ಇದೆ. ಬಾರಾಮಾಸಿಯಾ ಎಂಬುದೂ ಇದೆ. ಹನ್ನೆರಡು ಮಾಸದವನು ಎಂದರ್ಥ. ಕವಿಗೆ ಬಾರಾಮಾಸ ವಿರಹದ ಹಾಡಾದರೆ, ದುಡಿಯುವವನಿಗೆ ಅದು ಬಂಧನದ ಅವಧಿ.

ಇಂದು ಮಾನ್ವಿಯ ಗದ್ದೆಗಳಿಗೆ ತುಂಗಭದ್ರಾ ಕಾಲುವೆಯ ನೀರು ತಿಂಗಳು ಗೊತ್ತುಮಾಡುತ್ತದೆ. ದೇವದುರ್ಗದಿಂದ ಬೆಂಗಳೂರಿಗೆ ಗುಳೆ ಹೋದವರಿಗೆ ಗುತ್ತೇದಾರನ ಬಟವಾಡೆ ಗೊತ್ತುಮಾಡುತ್ತದೆ. ಮುಂಗಡ ಮಾತ್ರ ಹಾಗೇ ಅದ. ಮಾಸಗಳ ಚರಿತ್ರೆ ಬರೆಯಹೊರಟ ಗೆಳೆಯರು ಪಂಚಾಂಗದ ಪಕ್ಕದಲ್ಲಿ ಸಾಲದ ಚೀಟಿಯನ್ನೂ ಇಟ್ಟುಕೊಳ್ಳಲಿ. ಚೀಟಿ ಸಿಗದ ಕಡೆ ನಮ್ಮ ಮುದುಕ-ಮುದುಕಿಯರು ಬಾಯಿಲೆಕ್ಕ ಹೇಳ್ತಾರ. ಅವರು ಇರುವಾಗಲೇ ಬರೆದುಕೊಳ್ಳಬೇಕು.